ಆ್ಯಕ್ಸಿಡೆಂಟ್ ಆಗಿ ಮೂರು ವರ್ಷ ಆಯ್ತು, ಮೈ ಬೆಚ್ಚಿಬೀಳೋದು ಮಾತ್ರ ನಿಂತಿಲ್ಲ. ಅಕ್ಯುಪಂಕ್ಚರ್, ಬಾಡಿವರ್ಕ್ (ಮೈ ಮುಟ್ಟಿ ಮಾಡೋ ಥೆರಪಿ) ಯಾರಾದ್ರೂ ಮಾಡಿಸಿದೀರಾ?

ಅರೆನಿದ್ದೆ:

ಎಲ್ರಿಗೂ ನಮಸ್ಕಾರ. ತುಂಬ ದಿನದಿಂದ ಇಲ್ಲಿ ಬರೀ ಓದ್ಕೊಂಡು ಹೋಗ್ತಿದ್ದೆ, ಇವತ್ತು ನಾನೇ ಕೇಳೋ ಹಾಗಾಯ್ತು. ಮೂರು ವರ್ಷದ ಹಿಂದೆ ಕಾರ್ ಆ್ಯಕ್ಸಿಡೆಂಟ್ ಆಯ್ತು, ಹಿಂದಿಂದ ಬಂದು ಗುದ್ದಿದ್ದು, ನಾನು ಪಕ್ಕದ ಸೀಟಲ್ಲಿದ್ದೆ. ಕಾಲರ್ ಬೋನ್ ಮುರಿದಿತ್ತು, ಅದು ಕೂಡ್ಕೊಂಡು ಎಷ್ಟೋ ಕಾಲ ಆಯ್ತು, ಸ್ಕ್ಯಾನ್ ಎಲ್ಲಾ ನಾರ್ಮಲ್. ಆದ್ರೆ ಹಿಂದೆ ಯಾರಾದ್ರೂ ಬಾಗಿಲು ಜೋರಾಗಿ ಹಾಕಿದ್ರೆ ಸಾಕು, ಹೆಗಲು ಕಿವಿ ತನಕ ಏರಿಬಿಡತ್ತೆ, ಮತ್ತೆ ಅದನ್ನ ಕೆಳಗಿಳಿಸೋಕೆ ಅರ್ಧ ಗಂಟೆ. ರಾತ್ರಿ ಮೂರಕ್ಕೆ ಕರೆಕ್ಟಾಗಿ ಎಚ್ಚರ. ನಿದ್ದೇಲಿ ಹಲ್ಲು ಕಚ್ಚಿ ಕಚ್ಚಿ ಬೆಳಗ್ಗೆ ದವಡೆ ಅಲ್ಲಾಡಿಸಕ್ಕಾಗಲ್ಲ.

ಒಂದೂವರೆ ವರ್ಷ ಕೌನ್ಸೆಲಿಂಗ್ ಹೋದೆ. ಉಪಯೋಗ ಆಗಿಲ್ಲ ಅಂತ ಖಂಡಿತ ಹೇಳಲ್ಲ, ಮೊದ್ಲು ಆ ದಿನದ ಬಗ್ಗೆ ಬಾಯಿ ಬಿಟ್ರೆ ಅಳು ಬರ್ತಿತ್ತು, ಈಗ ಆರಾಮಾಗಿ ಹೇಳ್ತೀನಿ. ತಲೆಗೆ ಎಲ್ಲಾ ಗೊತ್ತು, ಮುಗಿದುಹೋಗಿದೆ, ನಾನು ಸೇಫ್ ಆಗಿದೀನಿ ಅಂತ. ಮೈಗೆ ಅದು ಗೊತ್ತಾಗ್ತಿಲ್ಲ. ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು ಅಂತಾರಲ್ಲ ಹಾಗೆ. ಈಗ ಕೌನ್ಸೆಲರ್ರೇ ಮಾತಿಂದ ಆಗೋದು ಆಗಿದೆ, ಇನ್ನು ಸ್ವಲ್ಪ ಮೈ ಕಡೆಯಿಂದ ಪ್ರಯತ್ನ ಮಾಡಿ ನೋಡಿ ಅಂದ್ರು. ಮೈಗೆ ಸಣ್ಣ ಸೂಜಿ ಹಾಕೋ ಅಕ್ಯುಪಂಕ್ಚರ್ ಒಂದು, ಇನ್ನೊಂದು ಕ್ರೇನಿಯೋ ಸೇಕ್ರಲ್ ಅಂತ ತುಂಬ ಹಗುರವಾಗಿ ಮುಟ್ಟೋ ಥೆರಪಿ.

ನನ್ನ ಡೌಟು ಏನಂದ್ರೆ ಇದೆಲ್ಲ ನಿಜವಾಗ್ಲೂ ಕೆಲಸ ಮಾಡತ್ತಾ ಅಥವಾ ಸುಮ್ನೆ ಸಮಾಧಾನಕ್ಕಾ. ಮತ್ತೆ ನನಗೆ ಬೋರಲು ಮಲಗಕ್ಕಾಗಲ್ಲ, ಬೆನ್ನ ಹಿಂದೆ ಯಾರಾದ್ರೂ ನಿಂತ್ರೆ ಉಸಿರೇ ಕಟ್ಟತ್ತೆ, ಅಂಥದ್ರಲ್ಲಿ ಹೋಗಿ ಟೇಬಲ್ ಮೇಲೆ ಮಲಗೋದು ಹೆಂಗೆ? ಕೆಲವರು ಅಲ್ಲಿ ಅತ್ತುಬಿಟ್ವಿ, ಮೈಯೆಲ್ಲ ನಡುಗ್ತು ಅಂತ ಬರೀತಾರೆ, ಅದನ್ನ ಓದಿ ಇನ್ನೂ ಭಯ. ರಾತ್ರಿ ಡಾಕ್ಟರ್ ಕೊಟ್ಟ ಒಂದು ಮಾತ್ರೆ ತಗೊಳ್ತಿದೀನಿ, ಅದನ್ನೂ ಹೇಳ್ಬಿಡ್ತೀನಿ.

ತಂಗಾಳಿ:

ಬೋರಲು ಮಲಗೋದೇ ಬೇಡ. ಮೊದ್ಲು ಇದನ್ನ ಹೇಳ್ಬಿಡ್ತೀನಿ, ಯಾಕಂದ್ರೆ ಅದೊಂದು ಭಯಕ್ಕೇ ನಾನು ಎಂಟು ತಿಂಗಳು ಮುಂದೂಡಿದ್ದೆ.

ನಂದು ಆ್ಯಕ್ಸಿಡೆಂಟ್ ಅಲ್ಲ, ಐಸಿಯು. ಹತ್ತೊಂಬತ್ತು ದಿನ ಇದ್ದೆ, ಅದ್ರಲ್ಲಿ ಹೆಚ್ಚಿನ ದಿನ ಬಾಯಲ್ಲಿ ಟ್ಯೂಬ್. ನಾನೇ ಕಿತ್ತುಹಾಕ್ತೀನಿ ಅಂತ ಎರಡು ಕೈನೂ ಮಂಚಕ್ಕೆ ಕಟ್ಟಿದ್ರು. ಅವರದ್ದು ತಪ್ಪು ಅಂತ ಹೇಳ್ತಿಲ್ಲ, ಜೀವ ಉಳಿಸಿದ್ರು. ಆದ್ರೆ ಮನೆಗೆ ಬಂದ್ಮೇಲೆ ಮಣಿಕಟ್ಟನ್ನ ಯಾರೂ ಮುಟ್ಟೋ ಹಾಗಿಲ್ಲ, ವಾಚ್ ಕಟ್ಟಕ್ಕಾಗಲ್ಲ, ಬಿಗಿ ತೋಳಿನ ಬಟ್ಟೆ ಹಾಕಕ್ಕಾಗಲ್ಲ. ಸೂಜಿ ಅಂತೂ ಕೇಳ್ಲೇಬೇಡಿ. ಅದಕ್ಕೇ ನಾನು ಹೋಗಿದ್ದು ಸೂಜಿ ಇಲ್ಲದೇ ಇರೋದಕ್ಕೆ. ನನಗೆ ಥೆರಪಿ ಮಾಡಿದಾಕೆ ಚೈನೀಸ್ ಪದ್ಧತಿಯ ತುಯಿನಾ ಕಲಿತೋರು, ತುಯಿನಾ ಅಂದ್ರೆ ಕೈಯಲ್ಲಿ ಒತ್ತೋದು ತಿಕ್ಕೋದು, ಜೋರಾಗೂ ಮಾಡ್ತಾರೆ ಅದನ್ನ. ನನಗೆ ಜೋರು ಮಾಡ್ಲೇ ಇಲ್ಲ.

ಮೊದಲ ಮೂರು ಸಲ ನಾನು ಕುರ್ಚೀಲೇ ಕೂತಿದ್ದೆ, ಪೂರ್ತಿ ಬಟ್ಟೆ ಹಾಕ್ಕೊಂಡು, ಕಾಲ್ಚೀಲ ಕೂಡ ತೆಗೀಲಿಲ್ಲ. ಆಕೆ ನೆಲದ ಮೇಲೆ ಕೂತು ನನ್ನ ಪಾದದ ಕೆಳಗೆ ಅಂಗೈ ಇಟ್ಕೊಂಡು ಸುಮ್ನೆ ಇದ್ರು. ಏನೂ ಮಾಡ್ಲಿಲ್ಲ. ನಾನು ಒಳಗೊಳಗೇ ಇದಕ್ಕೆ ದುಡ್ಡು ಕೊಡಬೇಕಾ ಅಂದ್ಕೊಂಡೆ. ಆದ್ರೆ ಮೂರನೇ ಸಲ ಒಂದು ವಿಚಿತ್ರ ಆಯ್ತು, ಹೊಟ್ಟೆ ಗುರ್ ಅಂತು, ಬಾಯಲ್ಲಿ ನೀರು ಬಂತು, ದೊಡ್ಡದಾಗಿ ಆಕಳಿಕೆ ಮೇಲೆ ಆಕಳಿಕೆ. ಆಕೆ ನಕ್ಕು, ನಿಮ್ಮ ಮೈ ಕಾವಲು ಕಾಯೋ ಡ್ಯೂಟಿಯಿಂದ ಸ್ವಲ್ಪ ಹೊತ್ತು ರಜಾ ತಗೊಂಡಿದೆ ಅಂದ್ರು. ಅದಾದ್ಮೇಲೆ ಪ್ರತಿ ಸಲ ಹೊಟ್ಟೆ ಗುರ್ ಅನ್ನೋದನ್ನೇ ಕಾಯ್ತಿದ್ದೆ.

ಆಮೇಲೆ ಮಣಿಕಟ್ಟು. ನೇಗ್ವಾನ್ ಅಂತ ಒಂದು ಪಾಯಿಂಟ್ ಇದೆಯಂತೆ, ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಒಳಗಡೆ, ಎರಡು ನರ ಥರ ಕಾಣೋ ಸ್ನಾಯುರಜ್ಜುಗಳ ಮಧ್ಯೆ. ಎದೆ ಬಿಗಿ, ಗಾಬರಿ, ವಾಕರಿಕೆಗೆ ಅದನ್ನ ಬಳಸ್ತಾರೆ. ನೋಡಿ ಎಂಥ ಕರ್ಮ, ನನಗೆ ಕಟ್ಟಿದ್ದೂ ಸರಿಯಾಗಿ ಅಲ್ಲೇ! ಆಕೆ ಅದನ್ನ ಮುಟ್ಟಲೇ ಇಲ್ಲ. ನೀವೇ ಇನ್ನೊಂದು ಕೈಯ ಹೆಬ್ಬೆರಳು ಇಡಿ, ಒತ್ತಬೇಡಿ, ಇಟ್ಟು ತೆಗೀರಿ, ಸಾಕು ಅಂದ್ರು. ಒಂದು ತಿಂಗಳು ಬರೀ ಅಷ್ಟೇ, ಇಡೋದು ತೆಗೆಯೋದು. ಕಟ್ಟಿದ್ದ ಕೈನ ಈ ಸಲ ಹಿಡ್ಕೊಂಡಿದ್ದು ನಾನೇ, ಬಿಟ್ಟಿದ್ದೂ ನಾನೇ ಅನ್ನೋದು ಎಲ್ಲೋ ಒಳಗೆ ಇಳೀತು ಅನ್ಸತ್ತೆ, ಇದನ್ನ ಬರಿಯುವಾಗ್ಲೂ ಗಂಟಲು ಕಟ್ಟತ್ತೆ. ಸೂಜಿ ಹಾಕಿಸ್ಕೊಂಡಿದ್ದು ಐದು ತಿಂಗಳಾದ್ಮೇಲೆ, ಅದೂ ಕಿವಿಗೆ. ವಾಚ್ ಈಗ ಕಟ್ತೀನಿ, ಲೂಸಾಗಿ.

ಕೊಂಕುಮಾತು:

ನಾನು ಇಲ್ಲಿ ಖಳನಾಯಕನ ಪಾರ್ಟು ಮಾಡಬೇಕಾಗತ್ತೆ, ಬೇಜಾರ್ ಮಾಡ್ಕೋಬೇಡಿ.

ಚಿ ಅನ್ನೋ ಶಕ್ತಿ, ಅದು ಹರಿಯೋ ಮೆರಿಡಿಯನ್ ಅನ್ನೋ ದಾರಿ, ಇವನ್ನ ಹೆಣ ಕೊಯ್ದು ನೋಡಿದ್ರೂ ಯಾರಿಗೂ ಸಿಕ್ಕಿಲ್ಲ. ಕ್ರೇನಿಯೋ ಸೇಕ್ರಲ್ ಕಥೆ ಇನ್ನೂ ಕಷ್ಟ. ತಲೆಬುರುಡೆ ಮೂಳೆಗಳು ಉಸಿರಾಡೋ ಹಾಗೆ ಅಲ್ಲಾಡ್ತವೆ ಅಂತ ಸದರ್ಲೆಂಡ್ ಅನ್ನೋ ಅಮೆರಿಕದ ಆಸ್ಟಿಯೋಪಥ್, ಅಂದ್ರೆ ಮೂಳೆ ಸ್ನಾಯುಗಳನ್ನ ಕೈಯಿಂದ ಸರಿಮಾಡೋ ವೈದ್ಯ, ಹೇಳಿದ್ದು, 1970ರ ನಂತರ ಅಪ್ಲೆಜರ್ ಅನ್ನೋರು ಅದನ್ನ ಬೇರೆ ರೂಪದಲ್ಲಿ ಹರಡಿದ್ರು, ಐದು ಗ್ರಾಮ್ ತೂಕದಷ್ಟು ಹಗುರವಾಗಿ ಮುಟ್ಟಿದ್ರೆ ಆ ಲಯ ಕೈಗೆ ಸಿಗತ್ತೆ ಅಂತ. ಆದ್ರೆ ಒಬ್ಬನೇ ಪೇಶೆಂಟನ್ನ ಇಬ್ಬರು ಥೆರಪಿಸ್ಟುಗಳು ಮುಟ್ಟಿ ನೋಡಿ ಲಯ ಎಣಿಸಿದಾಗ ಇಬ್ಬರ ಲೆಕ್ಕನೂ ತಾಳೆ ಆಗಲ್ಲ. ಇಷ್ಟು ಹೇಳ್ದೆ.

ಈಗ ಇನ್ನೊಂದು ಕಡೆ. ಹಗುರವಾಗಿ ಮುಟ್ಟೋದ್ರಲ್ಲಿ ಏನೂ ಇಲ್ಲ ಅಂತಲ್ಲ. ನಮ್ಮ ಚರ್ಮದಲ್ಲಿ, ಮುಖ್ಯವಾಗಿ ಕೂದಲಿರೋ ಕಡೆ, ಸಿ ಟ್ಯಾಕ್ಟೈಲ್ ಅಂತ ಒಂದು ಜಾತಿ ನರತಂತು ಇದೆ, ತುಂಬ ನಿಧಾನದ್ದು. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಮೈ ಸವರಿದ್ರೆ ಅದು ಚೆನ್ನಾಗಿ ಸ್ಪಂದಿಸತ್ತೆ, ಅದಕ್ಕಿಂತ ಬೇಗ ಸವರಿದ್ರೆ ಅಷ್ಟು ಸ್ಪಂದಿಸಲ್ಲ. ಮಗುವಿನ ಬೆನ್ನು ಸವರ್ತಾ ನಿದ್ದೆ ಮಾಡಿಸೋ ತಾಯಿ ಕೈ ವೇಗ ಹೆಚ್ಚುಕಮ್ಮಿ ಅದೇ. ಏನು ಮುಟ್ತು ಎಲ್ಲಿ ಮುಟ್ತು ಅನ್ನೋ ಲೆಕ್ಕಕ್ಕಿಂತ ಹಿತ ಆಯ್ತಾ ಇಲ್ವಾ ಅನ್ನೋದನ್ನ ಮೆದುಳಿಗೆ ತಲುಪಿಸೋ ದಾರಿ ಅದು. ಹಾಗಾಗಿ ತಂಗಾಳಿ ಅವರ ಹೊಟ್ಟೆ ಗುರ್ ಅಂದಿದ್ದು ನಾನು ನಂಬ್ತೀನಿ, ಅದಕ್ಕೆ ತಲೆಬುರುಡೆ ಅಲ್ಲಾಡೋ ಅಗತ್ಯ ಏನೂ ಇಲ್ಲ.

ಅಕ್ಯುಪಂಕ್ಚರ್ ವಿಷ್ಯಕ್ಕೆ ಬಂದ್ರೆ ನಾನೇ ಸ್ವಲ್ಪ ಮೆತ್ತಗಾಗಿದೀನಿ. 2007ರಲ್ಲಿ ಅಮೆರಿಕದಲ್ಲಿ ಪಿಟಿಎಸ್‌ಡಿ, ಅಂದ್ರೆ ಆಘಾತ ಮುಗಿದ್ಮೇಲೂ ಬಿಡದೇ ಕಾಡೋ ತೊಂದರೆ, ಇರೋ 84 ಜನರ ಮೇಲೆ ಪ್ರಯೋಗ ಆಯ್ತು, ಸೂಜಿ ಹಾಕಿಸ್ಕೊಂಡೋರು ಮತ್ತೆ ಗುಂಪಲ್ಲಿ ಸಿಬಿಟಿ (ಯೋಚನೆ, ನಡವಳಿಕೆ ಬದಲಾಯಿಸೋ ಮಾತಿನ ಥೆರಪಿ) ತಗೊಂಡೋರು ಇಬ್ಬರಿಗೂ ಸುಮಾರು ಒಂದೇ ಮಟ್ಟದ ಸುಧಾರಣೆ, ಚಿಕಿತ್ಸೆ ಇಲ್ಲದೇ ಬರೀ ಕಾಯ್ತಾ ಕೂತ ಗುಂಪಿಗೆ ಅಷ್ಟಿಲ್ಲ. ಸರಿ, ಅದು ಬರೀ ನಂಬಿಕೆ ಇರಬಹುದು ಅಂತ ಬಿಟ್ಟಿದ್ದೆ. ಆಮೇಲೆ 2024ರಲ್ಲಿ ಜಾಮಾ ಸೈಕಿಯಾಟ್ರಿ ಅನ್ನೋ ವೈದ್ಯಕೀಯ ಪತ್ರಿಕೇಲಿ ಇನ್ನೊಂದು ಬಂತು, ಯುದ್ಧದಿಂದ ಪಿಟಿಎಸ್‌ಡಿ ಆದ 93 ಮಾಜಿ ಸೈನಿಕರು, ಅರ್ಧ ಜನಕ್ಕೆ ನಿಜವಾದ ಪಾಯಿಂಟಲ್ಲಿ, ಉಳಿದೋರಿಗೆ ಪಾಯಿಂಟ್ ಅಲ್ಲದ ಕಡೆ ಮೇಲುಮೇಲೆ ಸೂಜಿ, ಒಟ್ಟು 24 ಸಲ. ಸುಳ್ಳು ಸೂಜಿಯೋರಿಗೂ ಕಮ್ಮಿ ಆಯ್ತು, ಆದ್ರೆ ನಿಜವಾದ ಸೂಜಿಯೋರಿಗೆ ಜಾಸ್ತಿ ಕಮ್ಮಿ ಆಯ್ತು. ಸಣ್ಣ ಪ್ರಯೋಗ, ಒಂದೇ ಕಡೆ ಮಾಡಿದ್ದು, ಅಷ್ಟಕ್ಕೇ ಕುಣಿಯೋದು ಬೇಡ. ಆದ್ರೂ 24 ಸಲ ಅನ್ನೋದನ್ನ ಗಮನಿಸಿ, ಎರಡು ಸಲ ಹೋಗಿ ಏನೂ ಆಗ್ಲಿಲ್ಲ ಅಂತ ಬಿಡೋರೇ ಜಾಸ್ತಿ.

ಒಂದು ಪ್ರಶ್ನೆ, ನಿಮಗೆ ಆಗಿದ್ದು ಬರೀ ಮಾತಾಡೋ ಕೌನ್ಸೆಲಿಂಗಾ ಅಥವಾ ಟ್ರಾಮಾಗೆ, ಅಂದ್ರೆ ಮನಸ್ಸಿಗಾದ ಆಘಾತಕ್ಕೆ, ಅಂತಲೇ ಇರೋದಾ? ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹೆಸರು ಹಿಡಿದು ಹೇಳಿದ್ದು ಟ್ರಾಮಾ ಮೇಲೆ ಗಮನ ಇಡೋ ಸಿಬಿಟಿ ಮತ್ತೆ ಕಣ್ಣು ಆಚೀಚೆ ಆಡಿಸ್ತಾ ಆ ನೆನಪಿನ ಕಾಟ ಕಮ್ಮಿ ಮಾಡೋ ಇಎಂಡಿಆರ್. ಅದನ್ನ ಮಾಡಿಸದೇ ನೇರ ಸೂಜಿಗೆ ಹೋಗ್ತಿದ್ರೆ ಒಂದು ಮೆಟ್ಟಿಲು ಹಾರಿದ ಹಾಗೆ.

ಸೂಜಿಮೊನೆ:

ನಾನು ಅಕ್ಯುಪಂಕ್ಚರ್ ಮಾಡೋನೇ, ಹಾಗಾಗಿ ನನ್ನ ಮಾತನ್ನ ಸ್ವಲ್ಪ ಅನುಮಾನ ಇಟ್ಕೊಂಡೇ ಕೇಳಿ ಅಂತ ಕೊಂಕುಮಾತು ಸರ್ ಹೇಳೋ ಮುಂಚೆ ನಾನೇ ಹೇಳ್ತೀನಿ.

ಮೆರಿಡಿಯನ್ ಸಿಕ್ಕಿಲ್ಲ, ಒಪ್ತೀನಿ. ನಾನು ಅದನ್ನ ನಕ್ಷೆ ಅಂದ್ಕೊಂಡು ಬಳಸ್ತೀನಿ, ಪೈಪು ಅಂದ್ಕೊಂಡಲ್ಲ. ಆದ್ರೆ ಹಳಬರು ರೋಗಿನ ನೋಡಿದ ರೀತಿ ಇದೆಯಲ್ಲ ಅದು ದೊಡ್ಡದು. ಹ್ವಾಂಗ್ ದಿ ನೇಜಿಂಗ್ ಅನ್ನೋ ಸುಮಾರು ಎರಡು ಸಾವಿರ ವರ್ಷ ಹಳೇ ಚೀನೀ ವೈದ್ಯಗ್ರಂಥ, ಅದ್ರ ಸುವೆನ್ ಭಾಗದ 39ನೇ ಅಧ್ಯಾಯದಲ್ಲಿ ಯಾವ ಭಾವನೆಗೆ ಚಿ ಏನಾಗತ್ತೆ ಅಂತ ಬರೆದಿದೆ. ಸಿಟ್ಟಿಗೆ ಮೇಲೇರತ್ತೆ, ದುಃಖಕ್ಕೆ ಕರಗತ್ತೆ, ಭಯಕ್ಕೆ ಕೆಳಗಿಳಿಯತ್ತೆ, ಬೆಚ್ಚಿಬಿದ್ರೆ ದಿಕ್ಕಾಪಾಲಾಗತ್ತೆ. ನೋಡಿ, ಭಯ ಬೇರೆ ಬೆಚ್ಚಿಬೀಳೋದು ಬೇರೆ ಅಂತ ಅವರು ಆಗಲೇ ಎರಡು ಮಾಡಿದ್ರು. ಭಯದೋರು ನನ್ನ ಹತ್ರ ಬಂದ್ರೆ ಕಾಲು ತಣ್ಣಗೆ, ಸೊಂಟದಲ್ಲಿ ಬಲ ಇಲ್ಲ, ಪದೇ ಪದೇ ಮೂತ್ರಕ್ಕೆ ಹೋಗೋರು. ಬೆಚ್ಚಿದೋರು ಬಂದ್ರೆ ಕಣ್ಣು ಒಂದು ಕಡೆ ನಿಲ್ಲಲ್ಲ, ಎದೆ ಡವಗುಟ್ಟತ್ತೆ, ಕೂತಲ್ಲಿ ಕೂರಕ್ಕಾಗಲ್ಲ. ಹೃದಯದಲ್ಲಿ ಶೆನ್ ಇರತ್ತೆ, ಅಂದ್ರೆ ಪ್ರಜ್ಞೆ ಅನ್ನಿ, ಕಣ್ಣಿನ ಬೆಳಕು ಅನ್ನಿ, ಬೆಚ್ಚಿದಾಗ ಅದು ಮನೆ ಬಿಟ್ಟು ಹೊರಗೆ ಅಲೆಯತ್ತೆ ಅನ್ನೋದು ಅವರ ಮಾತು. ಚಿಕಿತ್ಸೆ ಅಂದ್ರೆ ಅದನ್ನ ಹೆದರಿಸದೇ ವಾಪಸ್ ಕರೆಯೋದು. ಮೂರಕ್ಕೆ ಎಚ್ಚರ ಅಂದ್ರಲ್ಲ, ಅದಕ್ಕೂ ನಮ್ಮ ಪದ್ಧತೀಲಿ ಒಂದು ಗಡಿಯಾರ ಇದೆ, 1ರಿಂದ 3 ಲಿವರ್ ಹೊತ್ತು, 3ರಿಂದ 5 ಶ್ವಾಸಕೋಶದ ಹೊತ್ತು. ನನಗೇ ಅದ್ರ ಮೇಲೆ ಅಷ್ಟು ನೆಚ್ಚಿಕೆ ಇಲ್ಲ, ಬಿಡಿ.

ಮೊದಲ ಸಲ ಏನಾಗತ್ತೆ ಅಂದ್ರೆ ಹೆಚ್ಚಿನ ಹೊತ್ತು ಮಾತು, ನಾಲಿಗೆ ನೋಡ್ತೀವಿ, ಎರಡೂ ಕೈಯ ನಾಡಿ ನೋಡ್ತೀವಿ. ತಂಗಾಳಿ ಮೇಡಂ ಥರದೋರಿಗೆ ಮಣಿಕಟ್ಟು ಹಿಡಿಯೋದೇ ಕಷ್ಟ, ಅಂಥೋರು ಮೊದಲೇ ಹೇಳ್ಬಿಟ್ರೆ ನಾಡಿ ಬಿಟ್ಟು ಮಿಕ್ಕಿದ್ದು ನೋಡ್ತೀವಿ. ಸೂಜಿ ಇಂಜೆಕ್ಷನ್ ಸೂಜಿ ಥರ ಅಲ್ಲ, ಒಳಗೆ ತೂತಿಲ್ಲ, ದಪ್ಪ ಸುಮಾರು 0.2 ಮಿಲಿಮೀಟರ್ ಆಸುಪಾಸು, ಒಂದು ಸಲ ಬಳಸಿ ಬಿಸಾಕೋದು. ಸೀಲ್ ಆಗಿರೋ ಪ್ಯಾಕೆಟ್ಟನ್ನ ನಿಮ್ಮ ಕಣ್ಣೆದುರಿಗೇ ಹರೀಬೇಕು, ಹರೀದಿದ್ರೆ ಎದ್ದು ಬನ್ನಿ. ಸೂಜಿ ಒಳಗೆ ಹೋದ್ಮೇಲೆ ಒಂಥರಾ ಭಾರ, ಜೋಮು, ಮಂದ ನೋವು ಬರತ್ತೆ, ದೆ ಚಿ ಅಂತಾರೆ ಅದಕ್ಕೆ. ಮಾಮೂಲಿ ಪೇಶೆಂಟಿಗೆ ನಾವು ಅದು ಬರ್ಲಿ ಅಂತಲೇ ಸೂಜಿ ತಿರುಗಿಸ್ತೀವಿ, ಟ್ರಾಮಾ ಇರೋರಿಗೆ ಶುರುವಲ್ಲಿ ಅದನ್ನ ಮಾಡಬಾರದು, ಮೈ ಅದನ್ನ ಇನ್ನೊಂದು ಏಟು ಅಂದ್ಕೊಳ್ಳತ್ತೆ. ಮತ್ತೆ ಅರೆನಿದ್ದೆ ಅವರೇ, ನಿಮ್ಮ ಹೆಗಲು ಬಿಗಿ ಅಂತ ಹೇಳಿದ ತಕ್ಷಣ ಹೆಗಲಿಗೇ ಸೂಜಿ ಎತ್ತೋರ ಹತ್ರ ಹುಷಾರು. ಅಲ್ಲಿ ಆಳಕ್ಕೆ ಹೋದ್ರೆ ಶ್ವಾಸಕೋಶಕ್ಕೆ ತಗಲೋ ಅಪಾಯ ಇದೆ, ಅಪರೂಪ, ಆದ್ರೆ ಇದೆ. ಅದಕ್ಕಿಂತ ಹೆಚ್ಚಾಗಿ ಕಾವಲುಗಾರನ ಕೈಯಿಂದ ಕೋಲು ಕಿತ್ಕೊಂಡ ಹಾಗೆ ಆಗತ್ತೆ. ಕಾಲಿಂದ ಶುರು ಮಾಡಿದ್ರೆ ಹೆಗಲು ತಾನೇ ಇಳಿಯತ್ತೆ, ನಾನು ನೋಡಿರೋ ಮಟ್ಟಿಗೆ.

ನಿಮಗೆ ಕಿವಿ ಸೂಜಿ ಚೆನ್ನಾಗಿ ಹೊಂದತ್ತೆ ಅನ್ಸತ್ತೆ. ಒಂದೊಂದು ಕಿವಿಗೆ ಐದು, ಕೂತ್ಕೊಂಡೇ, ಬಟ್ಟೆ ತೆಗೆಯೋ ಅಗತ್ಯ ಇಲ್ಲ, ಮಾತಾಡೋ ಅಗತ್ಯನೂ ಇಲ್ಲ, ಅರ್ಧ ಮುಕ್ಕಾಲು ಗಂಟೆ. ಇದು ಬೆಳೆದಿದ್ದು ನ್ಯೂಯಾರ್ಕಿನ ಸೌತ್ ಬ್ರಾಂಕ್ಸಲ್ಲಿರೋ ಲಿಂಕನ್ ಆಸ್ಪತ್ರೇಲಿ, 1970ರ ದಶಕದಲ್ಲಿ, ಹೆರಾಯಿನ್ ಚಟ ಬಿಡೋರಿಗೆ ಅಂತ. ಆಮೇಲೆ 2001ರ ಸೆಪ್ಟೆಂಬರ್ 11ರ ದಾಳಿ ಆದಾಗ, 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಬದುಕುಳಿದೋರಿಗೂ ಇದನ್ನೇ ಹಾಕಿದ್ರು, ಏನಾಯ್ತು ಅಂತ ಯಾರ ಹತ್ರಾನೂ ಬಾಯಿ ಬಿಡಿಸೋ ಅಗತ್ಯ ಇಲ್ವಲ್ಲ. ಒಂದೇ ಕೋಣೇಲಿ ಹತ್ತು ಜನ ಸುಮ್ನೆ ಕೂತಿರ್ತಾರೆ, ಅದೇ ಅರ್ಧ ಔಷಧಿ ಅನ್ಸತ್ತೆ ಎಷ್ಟೋ ಸಲ.

ಗಿಡಮೂಲಿಕೆ ಮಾತ್ರ ಈಗ ಬೇಡ. ರಾತ್ರಿ ಮಾತ್ರೆ ಇದೆ ಅಂದ್ರಿ, ಚೈನೀಸ್ ಮೂಲಿಕೆ ಅಂದ್ರೆ ಸೌಮ್ಯ ಅನ್ಕೋಬೇಡಿ. 1990ರ ದಶಕದ ಶುರುವಲ್ಲಿ ಬೆಲ್ಜಿಯಮ್ಮಲ್ಲಿ ತೂಕ ಇಳಿಸೋಕೆ ಅಂತ ಕೊಟ್ಟ ಪುಡೀಲಿ ಅರಿಸ್ಟೊಲೋಕಿಯಾ ಬೇರು ಸೇರಿ ಎಷ್ಟೋ ಹೆಣ್ಣುಮಕ್ಕಳ ಕಿಡ್ನಿ ಹೋಯ್ತು. ಡಾಕ್ಟರಿಗೆ ಹೇಳದೇ ಒಂದು ಚಮಚನೂ ತಗೋಬೇಡಿ, ಹಾಗೇ ಈಗಿರೋ ಮಾತ್ರೆನ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸ್ಲೂಬೇಡಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ, ಗರ್ಭಿಣಿ ಆಗಿದ್ರೆ ಸೂಜಿಗೂ ಮುಂಚೆ ಹೇಳಬೇಕು.

ಸುಟ್ಟಬೆರಳು:

ನಾನೂ ಒಂದು ಹೇಳ್ತೀನಿ, ಎಲ್ರದ್ದೂ ಒಳ್ಳೇ ಕಥೆನೇ ಆಗಿರಲ್ಲ. ನಾನು ಹೋದ ಕಡೆ ಆತ ಬೆನ್ನ ಮೇಲೆ ಮೊಣಕೈ ಊರಿ ಒಳಗಿರೋದೆಲ್ಲ ಹೊರಗೆ ಬರ್ಲಿ, ಕಿರುಚಿ, ತಡೀಬೇಡಿ ಅಂತಿದ್ರು. ನಾನು ನಿಲ್ಸಿ ಅಂದೆ. ಅದು ನಿಮ್ಮ ರೆಸಿಸ್ಟೆನ್ಸ್ ಮಾತಾಡ್ತಿರೋದು ಅಂದ್ರು. ನಡುಗಿದೆ, ಅತ್ತೆ, ಆತನಿಗೆ ಭಾರೀ ಖುಷಿ, ನೋಡಿದ್ರಾ ರಿಲೀಸ್ ಆಯ್ತು ಅಂತ. ಮನೆಗೆ ಬಂದು ಹತ್ತು ದಿನ ನಿದ್ದೆ ಇಲ್ಲ, ಹಳೇ ಕನಸೆಲ್ಲ ವಾಪಸ್. ನಿಲ್ಸಿ ಅಂದಾಗ ನಿಲ್ಲಿಸದೇ ಇರೋನು ಎಷ್ಟು ಸರ್ಟಿಫಿಕೇಟ್ ಗೋಡೆಗೆ ಹಾಕಿದ್ರೂ ನನಗೆ ಬೇಡ. ಆಮೇಲೆ ನಾನು ಎಲ್ಲೂ ಹೋಗಿಲ್ಲ.

ತಂಗಾಳಿ:

ಸುಟ್ಟಬೆರಳು ಅವರೇ, ಓದಿ ಹೊಟ್ಟೆ ಉರೀತು. ನಡುಕ, ಅಳು ಬಂದ್ರೆ ಬರ್ಲಿ, ತಪ್ಪಲ್ಲ, ನನಗೂ ಎರಡು ಸಲ ತೊಡೆ ನಡುಗಿದೆ, ಚಳಿ ಬಂದ ಹಾಗೆ, ಎರಡೇ ನಿಮಿಷ. ಆದ್ರೆ ಅದನ್ನ ಬಲವಂತವಾಗಿ ತರಿಸೋದು ಗಾಯದ ಹಕ್ಕಳೆ ಕಿತ್ತ ಹಾಗೆ. ಪೀಟರ್ ಲೆವೀನ್ ಅನ್ನೋರ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಪದ್ಧತೀಲಿ ಇದಕ್ಕೇ ಹನಿಹನಿಯಾಗಿ ಅಂತಾರೆ, ಒಂದು ಹನಿ ಕಷ್ಟದ ಕಡೆ ಹೋಗು, ತಕ್ಷಣ ಮೈಯಲ್ಲಿ ಎಲ್ಲಿ ಆರಾಮಿದೆಯೋ ಅಲ್ಲಿಗೆ ವಾಪಸ್ ಬಾ, ಮತ್ತೆ ಹೋಗು. ನನ್ನ ಆರಾಮದ ಜಾಗ ಕಿವಿಯ ತುದಿ, ನಗಬೇಡಿ, ಇಡೀ ಮೈಯಲ್ಲಿ ಆಸ್ಪತ್ರೆಯೋರು ಮುಟ್ಟದೇ ಬಿಟ್ಟಿದ್ದು ಅದೊಂದೇ.

ಅರೆನಿದ್ದೆ ಅವರೇ, ಮೊದಲ ದಿನ ಹೋದಾಗ ಸುಮ್ನೆ ಒಂದು ಸಲ ಕೈ ಎತ್ತಿ ನಿಲ್ಸಿ ಅನ್ನಿ, ನೋವಿಲ್ಲದಿದ್ರೂ. ಅವರು ಆ ಕ್ಷಣ ಕೈ ತೆಗೀತಾರಾ ಅಥವಾ ಯಾಕೆ ಏನಾಯ್ತು ಅಂತ ಕೇಳ್ತಾ ಕೈ ಅಲ್ಲೇ ಇಟ್ಟಿರ್ತಾರಾ ನೋಡಿ. ನನ್ನ ಪರೀಕ್ಷೆ ಅದೇ.

ಅರೆನಿದ್ದೆ:

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಉತ್ತರ ನಿರೀಕ್ಷೆ ಮಾಡಿರ್ಲಿಲ್ಲ. ಕೊಂಕುಮಾತು ಸರ್, ನೀವು ಹೇಳಿದ್ದು ಸರಿ, ನಂದು ಬರೀ ಮಾತಿನ ಕೌನ್ಸೆಲಿಂಗೇ ಆಗಿತ್ತು, ಇಎಂಡಿಆರ್ ಮಾಡೋರ ಲಿಸ್ಟಲ್ಲಿ ಹೆಸರು ಬರೆಸಿದೀನಿ, ಎರಡು ತಿಂಗಳಾಗತ್ತಂತೆ. ಅಲ್ಲಿ ತನಕ ಕಿವಿ ಸೂಜಿ ಮಾಡಿಸೋಣ ಅಂತ. ಸುಟ್ಟಬೆರಳು ಅವರೇ, ನಿಮ್ಮ ಮಾತು ತಲೇಲಿ ಇಟ್ಕೊಂಡೇ ಹೋಗ್ತೀನಿ.

ಅರೆನಿದ್ದೆ:

ಆರು ವಾರ ಆಯ್ತು, ಅಪ್ಡೇಟ್ ಕೊಡ್ತೀನಿ ಅಂದ್ಕೊಂಡೇ ಲೇಟಾಯ್ತು.

ಕಿವಿ ಸೂಜಿಗೆ ವಾರಕ್ಕೆ ಎರಡು ಸಲ ಒಬ್ಬ ಅಕ್ಯುಪಂಕ್ಚರ್ ಮೇಡಂ ಹತ್ರ ಹೋಗ್ತಿದೀನಿ. ಕುರ್ಚಿನ ಗೋಡೆಗೆ ಒತ್ತಿಸಿ ಹಾಕ್ಕೊಂಡು ಬಾಗಿಲ ಕಡೆ ಮುಖ ಮಾಡಿ ಕೂರ್ತೀನಿ, ಆಕೆ ಸೂಜಿ ಹಾಕುವಾಗ ಎದುರಿಂದಲೇ ಬರ್ತಾರೆ. ತಂಗಾಳಿ ಅಕ್ಕ, ನಿಮ್ಮ ಪರೀಕ್ಷೆ ಮಾಡ್ದೆ, ಮೊದಲನೇ ಸೂಜಿ ಅರ್ಧ ದಾರೀಲಿರುವಾಗ ಕೈ ಎತ್ತಿದೆ, ಸೂಜಿ ಪಕ್ಕಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಹೋಗಿ ನಿಂತ್ರು, ಒಂದು ಮಾತೂ ಆಡ್ಲಿಲ್ಲ. ಅವತ್ತು ಒಂದೇ ಕಿವಿಗೆ ಹಾಕಿಸ್ಕೊಂಡು ಬಂದೆ.

ಮೊದಲ ನಾಲ್ಕು ಸಲ ಏನೂ ಇಲ್ಲ, ಕಿವಿ ಬಿಸಿ ಆಗೋದು ಬಿಟ್ರೆ. ಐದನೇ ಸಲ ಕೂತಿರುವಾಗಲೇ ನಿದ್ದೆ ಹೋಗಿದ್ದೆ, ಬೇರೆಯೋರ ಎದುರಿಗೆ! ಎಷ್ಟು ಕಾಲ ಆಗಿತ್ತೋ ಹಾಗೆ ಆಗಿ. ಕಳೆದ ವಾರ ಅಲ್ಲೇ ಹೊರಗಡೆ ಬಾಗಿಲು ಧಡ್ ಅಂತ ಬಡ್ಕೊಂತು. ಹೆಗಲು ಏರ್ತು, ಸುಳ್ಳು ಹೇಳಲ್ಲ, ಮೊದಲಿನಷ್ಟೇ ಏರ್ತು. ಆದ್ರೆ ಎದುರಿನ ಗಡಿಯಾರ ನೋಡ್ತಿದ್ದೆ, ಆರು ನಿಮಿಷಕ್ಕೆ ಇಳೀತು.

ಕೊಂಕುಮಾತು:

ತುಂಬ ಸಂತೋಷ. ಆದ್ರೂ ಕೇಳ್ತೀನಿ, ಮೂರು ಗಂಟೆ ಎಚ್ಚರದ ಲೆಕ್ಕ ಬರೆದಿಟ್ಟಿದೀರಾ? ನೆನಪು ನಮಗೆ ಬೇಕಾದ ಹಾಗೆ ಹೇಳತ್ತೆ.

ಅರೆನಿದ್ದೆ:

ಬರೆದಿಟ್ಟಿದೀನಿ ಸರ್, ನೀವು ಕೇಳೇ ಕೇಳ್ತೀರ ಅಂತ ಗೊತ್ತಿತ್ತು. ಮೊದಲ ವಾರ ಏಳಕ್ಕೆ ಏಳು ರಾತ್ರಿ, ಈ ವಾರ ನಾಲ್ಕು. ದವಡೆ ನೋವು ಹಾಗೇ ಇದೆ. ಸೂಜಿಮೊನೆ ಸರ್, ದವಡೆಗೆ ಅಂತ ಬೇರೆ ಪಾಯಿಂಟ್ ಇದೆಯಾ, ಮುಖಕ್ಕೆ ಸೂಜಿ ಬೇಡ ಅಂದ್ರೆ?

ಸೂಜಿಮೊನೆ:

ಹೆಬ್ಬೆರಳು ತೋರುಬೆರಳು ಮಧ್ಯೆ ಉಬ್ಬಿರೋ ಮಾಂಸದಲ್ಲಿ ಹೆಗು ಅಂತ ಒಂದಿದೆ, ಮುಖ ಮತ್ತೆ ಬಾಯಿಯ ತೊಂದರೆಗಳಿಗೆ ಹಳೇ ಕಾಲದಿಂದ ಅದೇ. ಗರ್ಭಿಣಿಯರಿಗೆ ಅದು ಬೇಡ ಅಂತೀವಿ, ಉಳಿದೋರು ಮಲಗೋ ಮುಂಚೆ ತಾವೇ ಒತ್ಕೋಬಹುದು, ಒಂದೊಂದು ಕೈಗೆ ಒಂದೊಂದು ನಿಮಿಷ, ಹಲ್ಲಿಗೆ ಹಲ್ಲು ತಾಗದ ಹಾಗೆ ಬಾಯಿ ಸ್ವಲ್ಪ ತೆರೆದಿಟ್ಕೊಂಡು. ಅದ್ರ ಜೊತೆ ಡೆಂಟಿಸ್ಟ್ ಹತ್ರನೂ ಒಂದು ಸಲ ತೋರಿಸಿ, ಕಚ್ಚಿ ಕಚ್ಚಿ ಹಲ್ಲು ಸವೆದಿದ್ರೆ ರಾತ್ರಿ ಹಾಕ್ಕೊಳ್ಳೋ ಗಾರ್ಡ್ ಕೊಡ್ತಾರೆ.

ಸುಟ್ಟಬೆರಳು:

ಈ ಕಿವಿ ಸೂಜಿನ ಎದುರಿಂದಲೇ ಹಾಕ್ತಾರಾ? ಹಿಂದೆ ಯಾರೂ ಬರಲ್ವಾ, ಕೊನೇ ತನಕ?

ಅರೆನಿದ್ದೆ:

ಬರಲ್ಲ. ತೆಗೆಯುವಾಗ್ಲೂ ಎದುರಿಂದಲೇ. ಮೊದಲೇ ಹೇಳಿಟ್ಟಿರಬೇಕು ಅಷ್ಟೇ.